ಪಾದ ತೊಳೆದವನು ಕಂಡದ್ದು

“ಶುಭದ ಹೊತ್ತಿನಲ್ಲಿ ಕೇಡಿನ ಮಾತು ಆಡಬಾರದು ಎನ್ನುತ್ತಾರೆ. ಅದು ಸರಿಯೇ ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವೀಳ್ಯದೆಲೆ ವ್ಯಾಪಾರಿಯಿದ್ದ. ದಿನಕ್ಕೆರಡು ಸಲ ಕಟ್ಟು ಬಿಚ್ಚಿ ಎಲೆಗಳನ್ನು ತಿರುವಿ ನೋಡುತ್ತಿದ್ದ. ಬಂದಾಗ ಎಷ್ಟಿತ್ತೋ ಅಷ್ಟೇ ಇರುವ ಚುಕ್ಕೆಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಂಚು ಅಂಕುಡೊಂಕಾಗಿ, ಬಣ್ಣ ಬದಲಿಸಿ, ನಿನ್ನೆಗಿಂತ ಹಿಗ್ಗಿದ ಚುಕ್ಕೆ ಕಂಡರೆ ಆ ಎಲೆಯನ್ನು ತೆಗೆದೆಸೆಯುತ್ತಿದ್ದ. ಅವನು ಬಾಳಿದ್ದೇ ಆ ಕಣ್ಣಿನಿಂದ.

ಅವನ ಮಗಳಿಗೆ ಗಂಡು ಗೊತ್ತಾಯಿತು. ಹುಡುಗನ ಕತ್ತಿನಲ್ಲಿ ಒಂದು ನರೂಲಿ ಇತ್ತು. ಹೆಣ್ಣಿನ ಕಡೆಯವರ ಬಾಯಲ್ಲೆಲ್ಲ ಅದೇ ಮಾತು. “ಫೋಟೋದಲ್ಲಿ ಕಡಲೆಕಾಳು ಅಂಟಿಸಿಕೊಂಡ ಹಾಗೆ ಕಾಣುತ್ತೆ, ಬೀಗರೇ. ಒಮ್ಮೆ ವೈದ್ಯರಿಗೆ ತೋರಿಸಿಬಿಡಿ” ಎಂದ ವ್ಯಾಪಾರಿ. ತೋರಿಸಿದರು. ಹತ್ತು ವರ್ಷದಿಂದ ಬದಲಾಗದೆ ಇದೆ, ಇದರಿಂದ ಅಪಾಯವಿಲ್ಲ ಎಂದು ವೈದ್ಯರು ಕಳಿಸಿದರು.

ಮದುವೆಯ ದಿನ ವ್ಯಾಪಾರಿ ಅಳಿಯನ ಪಾದ ತೊಳೆದ. ಅಂಗಾಲಿನಲ್ಲಿ ಒಂದು ಕಲೆ ಕಂಡ. ಅರ್ಧ ಕಪ್ಪು, ಅರ್ಧ ಕಂದು, ಅಂಚು ಅಂಕುಡೊಂಕು. ಕೈ ಒಂದು ಗಳಿಗೆ ನಿಂತಿತು. ಮುಹೂರ್ತ ಹತ್ತಿರವಾಗಿತ್ತು. ನೀರು ಹುಯ್ದು ಸುಮ್ಮನಾದ.

ಮೊದಲ ದೀಪಾವಳಿಗೆ ಅಳಿಯ ಬಂದ. ವ್ಯಾಪಾರಿ ಮತ್ತೆ ಪಾದ ತೊಳೆದ. ಕಲೆ ಎರಡರಷ್ಟಾಗಿ ರಕ್ತ ಒಸರುತ್ತಿತ್ತು. “ಮುಳ್ಳು ಚುಚ್ಚಿದ್ದು ಮಾವ, ಬಿಡಿ” ಎಂದ ಅಳಿಯ. ಅಲ್ಲವೆಂದು ವ್ಯಾಪಾರಿಗೆ ಗೊತ್ತಿತ್ತು. ಹಬ್ಬದ ದಿನವೆಂದು ಬಿಟ್ಟ.

ಯುಗಾದಿಗೆ ಅಳಿಯನ ತೊಡೆಯ ಸಂದಿಯಲ್ಲಿ ಗಂಟು ಎದ್ದಿತು. ಚರ್ಮದ ಕ್ಯಾನ್ಸರ್, ಒಳಗೆ ಹರಡಿದೆ ಎಂದರು ವೈದ್ಯರು. ಕಲೆ ಸಣ್ಣದಿದ್ದಾಗಲೇ ಬಂದಿದ್ದರೆ ಕೊಯ್ದು ತೆಗೆದು ಉಳಿಸುವ ದಾರಿಯಿತ್ತಂತೆ.

ಮಗಳು ಕೇಳಿದಳು, “ಅಪ್ಪ, ಕಾಲು ತೊಳೆದೋರು ನೀವು. ನೋಡ್ಲಿಲ್ವಾ?”

“ನೋಡಿದೆ ತಾಯಿ. ಒಳ್ಳೇ ದಿನ, ಬಾಯಲ್ಲಿ ಅಂಥ ಮಾತು ಬೇಡ ಅಂತ...”

“ಎಲೆ ಮೇಲಿದ್ದಿದ್ರೆ ಬಿಡ್ತಿದ್ರಾ?”

ಆಷಾಢ ಬರುವ ಮೊದಲೇ ಅಳಿಯ ತೀರಿಕೊಂಡ.

ಗುರುಗಳ ದನಿ ಗಡುಸಾಯಿತು. “ಏನೂ ಮಾಡದ ನರೂಲಿಗೆ ಊರಿಗೆಲ್ಲ ಬಾಯಿ. ಕೊಲ್ಲುವ ಕಲೆಗೆ ಕಂಡವನಿಗೂ ಬಾಯಿಲ್ಲ. ಇದಕ್ಕೆ ಶುಭವೆಂದು ಹೆಸರು ಬೇರೆ.”

ಶಿಷ್ಯ ಮೆಲ್ಲಗೆ, “ಆದರೂ ಗುರುಗಳೇ, ಅವನ ಮನಸ್ಸಿನಲ್ಲಿ ಕೇಡಿರಲಿಲ್ಲವಲ್ಲ” ಎಂದ.

“ಆ ಮಾತನ್ನು ಅವನ ಮಗಳ ಎದುರು ನಿಂತು ಹೇಳಿ ಬಾ, ಹೋಗು.”