ಸುಟ್ಟ ಮಡಕೆ ಕೊಟ್ಟ ತಾಯಿ

ಹೂಂ ಅಂತಿರಬೇಕು ಕಂದಾ, ಹೂಂ ಅನ್ನದಿದ್ರೆ ಕತೆ ದಾರಿ ತಪ್ಪುತ್ತೆ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲ ಅನ್ಕೋ, ಒಂದು ಕುಂಬಾರಗೇರಿ ಇತ್ತಂತೆ. ಕೇರಿಗೆಲ್ಲ ಹಿರಿಯಳು ದುಂಡಮ್ಮ, ಅವಳಿಗೆ ಮೂರು ಜನ ಗಂಡುಮಕ್ಕಳು. ಆ ಕೇರೀಲಿ ಒಂದು ಕಟ್ಟಳೆ. ಯಾರಾದ್ರೂ ತಪ್ಪು ಮಾಡಿದ್ರೆ ದುಂಡಮ್ಮ ಅವರ ಕೈಗೆ ಒಂದು ಮಡಕೆ ಕೊಡ್ತಿದ್ಲಂತೆ. ಹಸಿ ಮಡಕೆ ಕೊಟ್ರೆ ಮಾಫಿ, ನೀರು ಹಾಕಿ ಕಲಸಿ ಮತ್ತೆ ಹೊಸದು ಮಾಡು ಅಂತ. ಸುಟ್ಟ ಮಡಕೆ ಕೊಟ್ರೆ ಒಡೆದು ಊರು ಬಿಡಬೇಕು. ಸುಟ್ಟದ್ದು ಮತ್ತೆ ಮಣ್ಣಾಗಲ್ಲ ನೋಡು.

ದೊಡ್ಡ ಮಗ ತೂಕಡಿಸಿ, ಮಡಕೆ ಸುಡೋ ಬೆಂಕಿ ಆರಿಹೋಗೋಕೆ ಬಿಟ್ಟನಂತೆ. ಹಸಿ ಮಡಕೆ ಕೊಟ್ಲು. ಆಮೇಲೆ ನಡುವಿನವನು ಹೊಟ್ಟೆಕಿಚ್ಚಿಗೆ ಅಣ್ಣ ಮಡಕೆ ಮಾಡೋ ತಿಗರಿಯನ್ನೇ ಮುರಿದನಂತೆ. ಅವನಿಗೂ, ಬಾಯಿಗೆ ಬಂದಂಗೆ ಬೈದು, ಹಸಿ ಮಡಕೆನೇ ಕೊಟ್ಲು. ಆಮೇಲೆ ಕಿರಿಯವನು ಚೆನ್ನಿಗ, ಅಮ್ಮನ ಮುದ್ದಿನವನು, ಬಿರುಕು ಬಿಟ್ಟ ಮಡಕೆಗೆ ಜೇನುಮೇಣ ಮೆತ್ತಿ, ಮೇಲೆ ಕೆಮ್ಮಣ್ಣು ಬಳಿದು, ಗಟ್ಟಿ ಮಡಕೆ ಅಂತ ಸಾಕವ್ವ ಅನ್ನೋಳಿಗೆ ಮಾರಿದನಂತೆ. ಅವಳು ಅದರ ತುಂಬ ನೀರು ಹೊತ್ತು, ಕಂಕುಳಲ್ಲಿ ಕೂಸು ಎತ್ಕೊಂಡು ತವರಿಗೆ ಹೊರಟ್ಲು. ಬೋಳುಬಯಲು, ನೆತ್ತಿ ಸುಡೋ ಬಿಸಿಲು. ಮೇಣ ಕರಗಿ ನೀರೆಲ್ಲ ಸೋರಿಹೋಯ್ತು. ಸಾಕವ್ವ ಹೆಂಗೋ ಬದುಕಿದ್ಲು, ಕೂಸು ಬದುಕಲಿಲ್ಲ.

ಕೇರಿಯೆಲ್ಲ ಸೇರ್ತಂತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇವನಿಗೂ ಹಸಿ ಮಡಕೆನೇ ಅಂತ ಗುಸುಗುಸು. ಕೂಸು ಸಾಯ್ಲಿ ಅಂತ ಮಾಡಲಿಲ್ಲಮ್ಮ ಅಂದ ಚೆನ್ನಿಗ. ಬಿರುಕು ಇದ್ದದ್ದು ಗೊತ್ತಿತ್ತೇನೋ ಅಂದ್ಲು ದುಂಡಮ್ಮ. ಗೊತ್ತಿತ್ತು ಅಂದ. ದುಂಡಮ್ಮ ಅವನ ಕೈಗೆ ಸುಟ್ಟ ಮಡಕೆ ಕೊಟ್ಲಂತೆ. ಅಣ್ಣಂದಿರದು ತಪ್ಪು, ನಿಂದು ದ್ರೋಹ, ಮಾಫಿ ಮಾಡೋಕೆ ಸತ್ತದ್ದು ನನ್ನ ಕೂಸಲ್ಲ ಅಂದು ಗೋಳೋ ಅಂತ ಅತ್ತಳಂತೆ.

ಮಡಕೆ ಒಡೆದು ಚೆನ್ನಿಗ ಸಾಕವ್ವನ ಕಾಲಿಗೆ ಬಿದ್ದ. ಸಾಯೋವರೆಗೂ ನಿನ್ನ ಕ್ಷಮಿಸಲ್ಲ ಕಣೋ ಅಂದ್ಲು. ಆಮೇಲೆ ಅವನು ಆ ಬೋಳುಬಯಲಲ್ಲೇ ಗುಡಿಸಲು ಹಾಕಿ, ದೂರದ ಹೊಳೆಯಿಂದ ನೀರು ಹೊತ್ತು ತಂದು, ಅರವಟ್ಟಿಗೆ ಇಟ್ಟು, ದಾರಿಹೋಕರ ಬೊಗಸೆಗೆಲ್ಲ ನೀರು ಹಾಕ್ತಾ ಬದುಕಿದನಂತೆ. ಅವನನ್ನ ಬಿಟ್ಟಿರಲಾರದೆ ದುಂಡಮ್ಮನೂ ಅಲ್ಲಿಗೇ ಬಂದ್ಲು. ಆ ದಾರೀಲಿ ಮತ್ತೆ ಯಾರೂ ಬಾಯಾರಿ ಸಾಯಲಿಲ್ಲ. ಸಾಕವ್ವ ಮಾತ್ರ ಹೋಗ್ತಾ ಬರ್ತಾ ಮುಖ ತಿರುಗಿಸೋಳು.

ಒಂದು ಬೇಸಿಗೆ, ಆಮೇಲೆ ಹುಟ್ಟಿದ ಅವಳ ಮಗಳು ನೀರು ನೀರು ಅಂತ ಅಲ್ಲೇ ಕೂತುಬಿಟ್ಲಂತೆ. ಸಾಕವ್ವ ನಿಂತ್ಲು. ಅವನ ಮಡಕೇನ ಸುತ್ತಲೂ ತಟ್ಟಿ ನೋಡಿದ್ಲು. ಆಮೇಲೆ ಮಗಳ ಬೊಗಸೆ ಹಿಡಿದು ಮುಂದೆ ಚಾಚಿದ್ಲಂತೆ.

ಕ್ಷಮಿಸಿದ್ಲಾ ಅಂತೀಯಾ? ಇಲ್ಲ ಕಂದಾ, ಕ್ಷಮಿಸಲಿಲ್ಲ. ಅವನೂ ಕೇಳಲಿಲ್ಲ. ಮಗೂಗೆ ಇನ್ನೊಂದು ಬೊಗಸೆ ಹಾಕು ಅಂದ್ಲಂತೆ. ಅಳ್ತಾ ಹಾಕಿದನಂತೆ. ಕತೆ ಅಲ್ಲಿಗೆ ಮುಗೀತು, ನೀನಿನ್ನು ಮಲಗು.