ಯಜಮಾನರು ಗುನುಗಿದ ಮತ

ಯಾವ ಹಳೇ ಸಿನಿಮಾದ ಸಂಗೀತವನ್ನು ಹೊಸದಾಗಿ ರೆಕಾರ್ಡ್ ಮಾಡಬೇಕೆಂದು ಅಭಿಮಾನಿಗಳು ಮತ ಹಾಕಿದ್ದರು. ಗೆದ್ದದ್ದು ‘ಹಾಳೂರಿನ ಕಂದೀಲು’. ಮತದಾನ ನಡೆಸಿದ ಸಿನಿಮಾ ಕಂಪನಿಯ ಯಜಮಾನ ಪುಟ್ಟಮಾದಯ್ಯನವರು ಗುಮಾಸ್ತನ ಮೇಜು ಗುದ್ದಿದರು.

“ನಾನು ತೆಗೆದ ‘ಸಿಂಹಕೇತು’ ಗೆಲ್ಲಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರೋದೇ ಬೇಡ!”

ಹಿಂದಿನ ಗುಮಾಸ್ತನನ್ನು ಇದೇ ಬಾಗಿಲಿಂದ ಆಚೆಗೆ ತಳ್ಳಿದ್ದನ್ನು ಈ ಗುಮಾಸ್ತ ಕಣ್ಣಾರೆ ಕಂಡಿದ್ದ.

“ಆಗಲಿ ಸ್ವಾಮಿ,” ಎಂದ ನಡುಗುತ್ತಾ. “ಎಲ್ಲರೂ ಫೋನಿನಲ್ಲಿ ತಮಗಿಷ್ಟವಾದ ಸಿನಿಮಾದ ರಾಗ ಗುನುಗಿ ಮತ ಹಾಕಿದ್ದಾರೆ. ತಾವೂ ಒಂದು ಸಲ ‘ಸಿಂಹಕೇತು’ ರಾಗ ಗುನುಗಿಬಿಡಿ. ಅದನ್ನೇ ಸಾವಿರ ನಕಲು ಮಾಡಿ ಮತಕ್ಕೆ ಸೇರಿಸ್ತೀನಿ.”

ಯಜಮಾನರು ಗತ್ತಿನಿಂದ ಕಣ್ಣು ಮುಚ್ಚಿ ಗುನುಗಿದರು. ಅವರ ಬಾಯಿಂದ ಬಂದದ್ದು ‘ಹಾಳೂರಿನ ಕಂದೀಲು’ ರಾಗ!

“ರೆಕಾರ್ಡ್ ಆಯ್ತು ಸ್ವಾಮಿ. ಸಾವಿರ ನಕಲು ಮಾಡಲಾ?”

ಈಗ ನಡುಗಿದ್ದು ಯಜಮಾನರ ದನಿ. “ಬೇಡ ಕಣಯ್ಯಾ, ಅಳಿಸ್ಬಿಡು. ಕಂದೀಲೇ ಗೆಲ್ಲಲಿ.”