ಹುಲ್ಲು ತುಂಬಿದ ಕರು

“ಗುರುಗಳೇ, ಊರಿಗೆ ಊರೇ ಬಿಟ್ಟುಬಿಟ್ಟ ಕಟ್ಟಳೆಯನ್ನು ಒಬ್ಬನೇ ಹಿಡಿದುಕೊಂಡು ಕೂತರೆ ಏನು ಬಂತು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಂದು ಕಟ್ಟಳೆ ಇತ್ತು. ಕರು ಸತ್ತ ಹಸುವಿನ ಹಾಲು ತಾಯಿ ಸತ್ತ ಕರುವಿಗೆ. ಅಂಥ ಕರು ಊರಿನಲ್ಲಿ ಇರುವ ತನಕ ಆ ಹಾಲನ್ನು ಮನುಷ್ಯರು ಮುಟ್ಟಬಾರದು. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ. ಊರಿನವರಿಗೆಲ್ಲ ಅದು ಬಾಯಿಗೆ ಬರುತ್ತಿತ್ತು. ಊರಿನವರೆಲ್ಲ ಅದನ್ನು ಮುರಿದಿದ್ದರು.

ಮುರಿದವರು ಕೆಟ್ಟವರೇನಲ್ಲ. ಹಸು ಬೇರೆಯ ಕರುವನ್ನು ಹತ್ತಿರ ಸೇರಿಸುವುದಿಲ್ಲ. ಮೂಸುತ್ತದೆ, ಒದೆಯುತ್ತದೆ. ಒಗ್ಗಿಸಲು ದಿನಗಟ್ಟಲೆ ಬೇಕು. ಅದಕ್ಕಿಂತ ಸುಲಭದ ದಾರಿಯೊಂದು ಅವರಿಗೆ ಗೊತ್ತಿತ್ತು. ಸತ್ತ ಕರುವಿನ ತೊಗಲು ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿಯುವುದು. ಹಾಲು ಕರೆಯುವ ಹೊತ್ತಿಗೆ ಅದನ್ನು ಹಸುವಿನ ಮುಂದೆ ನಿಲ್ಲಿಸುವುದು. ಹಸು ತನ್ನದೇ ಎಂದು ನೆಕ್ಕುತ್ತದೆ, ಸೊರೆ ಬಿಡುತ್ತದೆ, ಕೆಚ್ಚಲಿಗೆ ಹಾಲು ಇಳಿಯುತ್ತದೆ.

ಆ ಊರಿನ ಒಬ್ಬ ರೈತನ ಹಸು ಈದಿತು. ಮೂರನೆಯ ದಿನ ಕರು ಸತ್ತಿತು. ರೈತನ ತಾಯಿ ತಡಮಾಡದೆ ತೊಗಲಿಗೆ ಹುಲ್ಲು ತುಂಬಿಸಿದಳು. ಆ ಮನೆಯವರು ಮಜ್ಜಿಗೆ ಕಂಡು ನಾಲ್ಕು ತಿಂಗಳಾಗಿತ್ತು. ಹಸು ಹಾಲು ಕೊಟ್ಟಿತು. ಎಲ್ಲರೂ ಉಂಡರು. ರೈತನೂ ಉಂಡ. ಆಗ ಊರಿನಲ್ಲಿ ತಾಯಿ ಸತ್ತ ಕರು ಇರಲಿಲ್ಲ; ಇದ್ದಾಗಲೂ ಅವನು ಹೀಗೆ ಉಂಡವನೇ.

ಹತ್ತು ದಿನ ಕಳೆದಿರಬಹುದು. ಅದೇ ಊರಿನ ನೇಕಾರನ ಹಸು ಹಾವು ಕಚ್ಚಿ ಸತ್ತಿತು. ಅದರ ಕರುವಿಗೆ ಇನ್ನೂ ವಾರ ತುಂಬಿರಲಿಲ್ಲ. ನೇಕಾರನ ಹೆಂಡತಿ ಬಟ್ಟೆ ಅದ್ದಿ ಅದ್ದಿ ಗಂಜಿ ಕುಡಿಸಿದಳು. ಕರುವಿಗೆ ಭೇದಿ ಹತ್ತಿತು. ಮೂರನೆಯ ದಿನಕ್ಕೆ ಅದು ಏಳಲಾರದಾಯಿತು. ಅವಳು ಅದನ್ನು ಎತ್ತಿಕೊಂಡು ರೈತನ ಅಂಗಳಕ್ಕೆ ಬಂದಳು.

“ಅಣ್ಣಾ, ಕಟ್ಟಳೆ ಹೇಳೋಕೆ ಬಂದಿಲ್ಲ. ನಮ್ಮನೇಲೂ ಮುರಿದಿದ್ದೀವಿ, ಯಾವ ಬಾಯಲ್ಲಿ ಹೇಳಲಿ? ಆದರೆ ಇದು ನನ್ನನ್ನೇ ನೋಡ್ತದೆ. ಮನೇಲಿ ಇರೋಕಾಗಲಿಲ್ಲ” ಎಂದಳು.

ರೈತನ ತಾಯಿ ಕರುವನ್ನು ಮುಟ್ಟಿ ನೋಡಿದಳು.

“ಅಯ್ಯೋ ಪಾಪ, ಇವತ್ತೋ ನಾಳೆಯೋ ಅನ್ನೋ ಹಾಗಿದೆಯಲ್ಲೇ. ಇದಕ್ಕೆ ಹಾಕಿದರೆ ಹಾಲೂ ಹೋಯ್ತು, ಕರೂ ಹೋಯ್ತು. ನಮ್ಮದು ನೋಡು” ಎಂದು ಗೋಡೆಗೆ ಒರಗಿಸಿದ್ದ ಹುಲ್ಲಿನ ಕರುವನ್ನು ತೋರಿಸಿದಳು. “ಭೇದಿ ಇಲ್ಲ, ಹಸಿವಿಲ್ಲ, ಅಂಬಾ ಅಂತ ನಿದ್ದೆ ಕೆಡಿಸಲ್ಲ. ಇಂಥ ಕರು ಹುಡುಕಿದರೂ ಸಿಗಲ್ಲ.”

ನೇಕಾರನ ಹೆಂಡತಿ ಅಳುವಿನ ನಡುವೆಯೂ ನಕ್ಕುಬಿಟ್ಟಳು. ಕೈ ಸೋತು ಕರುವನ್ನು ಕೆಳಗಿಳಿಸಿದಳು.

ಕರು ನೆಲದ ಮೇಲೆ ತೆವಳಿತು. ಎರಡು ಮಾರು ದೂರ ಹೋಗಲು ಅದಕ್ಕೆ ಬಹಳ ಹೊತ್ತು ಹಿಡಿಯಿತು. ಹುಲ್ಲಿನ ಕರುವನ್ನು ಹಸು ದಿನವೂ ನೆಕ್ಕುತ್ತಿತ್ತಲ್ಲ, ಅದರ ಮೇಲೆ ಹಸುವಿನ ವಾಸನೆ ಇತ್ತು. ಕರು ಗೋಡೆಯ ಬಳಿ ಹೋಗಿ, ಆ ಒಣ ತೊಗಲಿನ ಹೊಟ್ಟೆಯ ಕೆಳಗೆ ಮೂತಿ ಇಟ್ಟು, ಮೊಲೆ ಹುಡುಕಿತು.



ರೈತ ಎದ್ದ. ಹುಲ್ಲಿನ ಕರುವಿನ ಹೊಲಿಗೆ ಬಿಚ್ಚಿದ. ಒಳಗಿನ ಹುಲ್ಲನ್ನು ಕೊಟ್ಟಿಗೆಯ ಮೂಲೆಯಲ್ಲಿ ಹರಡಿ, ಅದರ ಮೇಲೆ ಕರುವನ್ನು ಮಲಗಿಸಿದ. ತೊಗಲನ್ನು ಹಿತ್ತಲಿನಲ್ಲಿ ಹೂಳಿದ.

“ಲೋ, ಇನ್ನು ಹಸು ಸೊರೆ ಬಿಡಲ್ಲ ಕಣೋ! ನಾಳೆಯಿಂದ ಏನು ಕರೀತೀಯಾ, ಮಣ್ಣ?” ಎಂದಳು ತಾಯಿ.

ಅವನು ಕರುವಿನ ಬಾಯೊಳಗೆ ಬೆರಳಿಟ್ಟು ನೋಡುತ್ತಿದ್ದ. ನಾಲಿಗೆ ತಣ್ಣಗಿತ್ತು.

ಗೋಣಿಯಿಂದ ಅದರ ಮೈ ಉಜ್ಜಿದ. ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಬೆಲ್ಲ ಹಾಕಿ, ಬೆರಳು ಚೀಪಿಸುತ್ತ ಗುಟುಕು ಗುಟುಕಾಗಿ ಕುಡಿಸಿದ. ಎರಡು ದಿನಕ್ಕೆ ಭೇದಿ ನಿಂತಿತು. ಹಸು ಹಾಲು ಬಿಗಿಹಿಡಿದಿತ್ತು. ಹಿಂಡಿದರೆ ಒಂದು ಕುಡಿತೆ, ಅಂಗೈ ತುಂಬುವಷ್ಟು ಬರುತ್ತಿತ್ತು. ಅದನ್ನೂ ಅದೇ ಬೆರಳಿನಿಂದ ಕುಡಿಸಿದ. ಕರು ಚೀಪಿ ಚೀಪಿ ಅವನ ಬೆರಳಿನ ತುದಿ ಬಿಳಿಚಿಕೊಂಡಿತು.

ಕರು ಎದ್ದು ನಿಂತ ದಿನ ಅದನ್ನು ಹಸುವಿನ ಬಳಿ ಒಯ್ದ. ಹಸು ಮೂಸಿತು, ಒದೆಯಿತು. ಕರು ಉರುಳಿ ಬಿತ್ತು. ಮರುದಿನ ರೈತ ನಡುವೆ ನಿಂತ. ಒದೆ ಅವನ ತೊಡೆಗೆ ಬಿತ್ತು. ನೇಕಾರನ ಹೆಂಡತಿ ದಿನವೂ ಬಂದು ಕರುವಿನ ಕುತ್ತಿಗೆ ಹಿಡಿದು ನಿಲ್ಲುತ್ತಿದ್ದಳು.

ಪಕ್ಕದ ಮನೆಯವನು ಬೇಲಿಯ ಮೇಲಿಂದ ಇಣುಕಿದ. “ಏನಯ್ಯಾ, ನಿನ್ನ ಹಸುವಿಗೆ ಕಟ್ಟಳೆ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣ್ತದೆ!”

“ನಮಗೆ ಹೇಳಿಕೊಟ್ಟಿದ್ದರಲ್ಲಪ್ಪಾ, ಏನಾಯ್ತು?” ಎಂದ ರೈತ, ತೊಡೆ ಉಜ್ಜಿಕೊಳ್ಳುತ್ತ.

ಸಂಜೆ ತಾಯಿ ಎಣ್ಣೆ ಬಿಸಿ ಮಾಡಿ ತಂದು ಆ ತೊಡೆಗೆ ಹಚ್ಚಿದಳು. ಹಚ್ಚುವಷ್ಟು ಹೊತ್ತೂ ಬೈದಳು.

ಆಮೇಲೆ ಅವನು ಕರುವಿನ ಬೆನ್ನಿಗೆ ಉಪ್ಪುನೀರು ಸವರಿದ. ಹಸು ಉಪ್ಪಿನ ಆಸೆಗೆ ನೆಕ್ಕಿತು. ಉಪ್ಪು ಮುಗಿದೊಡನೆ ಒದೆಯಿತು. ಮತ್ತೆ ಸವರಿದ. ಹೀಗೆ ಐದು ದಿನ. ಆರನೆಯ ದಿನ ಉಪ್ಪು ಮುಗಿದ ಮೇಲೂ ಹಸು ನೆಕ್ಕುವುದನ್ನು ನಿಲ್ಲಿಸಲಿಲ್ಲ. ಬೆನ್ನು ನೆಕ್ಕಿತು, ಕುತ್ತಿಗೆ ನೆಕ್ಕಿತು, ಉಪ್ಪು ಸವರದೇ ಇದ್ದ ಕಿವಿಯ ಒಳಗೂ ನೆಕ್ಕಿತು. ಕರು ಬಾಲ ಎತ್ತಿ ಕೆಚ್ಚಲಿಗೆ ಗುದ್ದಿತು. ಹಸು ಹಿಂಗಾಲು ಅಗಲಿಸಿ ನಿಂತು ಸೊರೆ ಬಿಟ್ಟಿತು.

ತಾಯಿ ನೋಡುತ್ತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಳಗೆ ಹೋಗಿ ಚೆಂಬು ತಂದಳು.

“ಗೆದ್ದೆ ಬಿಡು ಮಗಾ. ಹಾಲು ಇಳಿದಿದೆ, ಇನ್ನು ಕರುವನ್ನು ಎಳೆದು ಕಟ್ಟು, ಕರೆದುಬಿಡೋಣ. ಇದಕ್ಕೆ ಜೀವ ಹಿಡಿಯೋವಷ್ಟು ಬಿಟ್ಟರೆ ಸಾಲದಾ? ಊರಲ್ಲಿ ಎಲ್ಲ ಕರುಗಳೂ ಹಾಗೇ ಅಲ್ಲವಾ ಬೆಳೆಯೋದು?”

ಅವಳು ಸುಳ್ಳು ಹೇಳಲಿಲ್ಲ. ಊರಿನಲ್ಲಿ ಎಲ್ಲ ಕರುಗಳೂ ಹಾಗೆಯೇ ಬೆಳೆಯುತ್ತಿದ್ದವು.

ರೈತ ತಾಯಿಯ ಕೈಯಿಂದ ಚೆಂಬನ್ನು ಮೆಲ್ಲಗೆ ತೆಗೆದುಕೊಂಡ. ನೆಲದ ಮೇಲೆ ಬೋರಲು ಹಾಕಿದ.

“ಕೂತ್ಕೋ ಅವ್ವಾ, ಅದು ಕುಡಿಯಲಿ” ಎಂದ.

ಗುರು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ, “ಆಮೇಲೆ ಊರಿನವರು ಕಟ್ಟಳೆಗೆ ಮರಳಿದರೇ, ಗುರುಗಳೇ?” ಎಂದು ಕೇಳಿದ.

“ಅದನ್ನು ತಿಳಿದುಕೊಂಡು ಆಮೇಲೆ ಕುಡಿಯೋಣ ಎನ್ನುವಷ್ಟು ಪುರುಸೊತ್ತು ಆ ಕರುವಿಗೆ ಇರಲಿಲ್ಲ” ಎಂದರು ಗುರು.